ಎಲ್ಲೋ ಆದ ಒತ್ತುವರಿ, ಇನ್ನೆಲ್ಲೋ ಬಿದ್ದ ಪ್ರೋಗ್ರಾಮ್

ಅರ್ಜಿ ತುಂಬಿಸಿಕೊಳ್ಳುವ ಒಂದು ಸಣ್ಣ ಪ್ರೋಗ್ರಾಮ್ ಇದೆ ಎಂದುಕೊಳ್ಳಿ. ಸಿ ಭಾಷೆಯಲ್ಲಿ ಬರೆದದ್ದು. ಅರ್ಜಿದಾರರ ಹೆಸರಿಗೆಂದು ಅದು 16 ಬೈಟ್ ಮೆಮೊರಿ ಕೇಳಿ ಪಡೆಯುತ್ತದೆ. ಬರೆದವರ ತಲೆಯಲ್ಲಿದ್ದದ್ದು ಇಂಗ್ಲಿಷ್ ಅಕ್ಷರ. ಅದಕ್ಕೆ ತಲಾ ಒಂದು ಬೈಟ್ ಸಾಕು. ಮಲ್ಲಿಕಾರ್ಜುನ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ 12 ಅಕ್ಷರ, ಹೆಸರು ಮುಗಿಯಿತೆಂದು ಸೂಚಿಸುವ ಕೊನೆಯ ಸೊನ್ನೆ ಸೇರಿ 13 ಬೈಟ್. ಆರಾಮಾಗಿ ಹಿಡಿಯುತ್ತದೆ. ಅದೇ ಅರ್ಜಿಯನ್ನು ಈಗ ಕನ್ನಡದಲ್ಲಿ ತುಂಬಿ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ವ್ಯಂಜನಕ್ಕೂ ಸ್ವರಚಿಹ್ನೆಗೂ ಒತ್ತಕ್ಷರ ಕೂಡಿಸುವ ಹಲಂತಕ್ಕೂ ಮೂರು ಮೂರು ಬೈಟ್ ಬೇಕು. 'ಸುಮತಿ'ಗೆ ಸೊನ್ನೆ ಸೇರಿ ಸರಿಯಾಗಿ 16 ಬೈಟ್. 'ಬಸವರಾಜ'ನಿಗೆ 19. 'ಮಲ್ಲಿಕಾರ್ಜುನ'ನಿಗೆ 37.

ಸುಮತಿಯ ಅರ್ಜಿಗೆ ಏನೂ ತೊಂದರೆಯಿಲ್ಲ. ಬಸವರಾಜನ ಹೆಸರು ಗಡಿ ದಾಟಿ 3 ಬೈಟ್ ಆಚೆಗೆ ಹೋಯಿತು, ಆದರೂ ಯಾರಿಗೂ ಗೊತ್ತಾಗುವುದಿಲ್ಲ. ಏಕೆಂದರೆ 64 ಬಿಟ್ ಲಿನಕ್ಸ್‌ನಲ್ಲಿ ಮೆಮೊರಿ ಹಂಚುವ ಗ್ಲಿಬ್‌ಸಿ ಲೈಬ್ರರಿ, 16 ಕೇಳಿದವರಿಗೆ 24 ಬೈಟ್ ಹಿಡಿಯುವಷ್ಟು ಜಾಗ ಕೊಟ್ಟಿರುತ್ತದೆ. ಮಲ್ಲಿಕಾರ್ಜುನ ಆ 24ನ್ನೂ ದಾಟುತ್ತಾನೆ. ಪಕ್ಕದ ತುಂಡಿನ ಅಳತೆಯನ್ನು ಲೈಬ್ರರಿ ಬರೆದಿಟ್ಟುಕೊಂಡ 8 ಬೈಟ್ ಲೆಕ್ಕದ ಮೇಲೆ ಅವನ ಹೆಸರಿನ 'ರ್ಜು'ವಿನ ಬಹುಪಾಲು ಬಂದು ಕೂರುತ್ತದೆ. ಅದರಾಚೆ ಬೇರೆ ಯಾರದೋ ಡೇಟಾದ 5 ಬೈಟ್ ಹಾಳಾಗುತ್ತದೆ. ಪ್ರೋಗ್ರಾಮ್ ಆಗಲೂ ಬೀಳುವುದಿಲ್ಲ. ಎಷ್ಟೋ ಹೊತ್ತಿನ ಮೇಲೆ, ಹೆಸರಿಗೆ ಸಂಬಂಧವೇ ಇಲ್ಲದ ಇನ್ನೊಂದು ಭಾಗ ತನ್ನ ಕೆಲಸ ಮುಗಿಸಿ ಆ ಪಕ್ಕದ ತುಂಡನ್ನು ಹಿಂತಿರುಗಿಸಲು ಹೋದಾಗ, 'ಡಬಲ್ ಫ್ರೀ ಆರ್ ಕರಪ್ಷನ್ (ಔಟ್)' ಎಂದು ಒಂದು ಸಾಲು ಬರೆದು ಪ್ರೋಗ್ರಾಮ್ ಸತ್ತುಬೀಳುತ್ತದೆ. ಡಬಲ್ ಫ್ರೀ ಎಂದರೆ ಒಂದೇ ತುಂಡನ್ನು ಎರಡು ಸಲ ಹಿಂತಿರುಗಿಸುವುದು. ಅದು ಇಲ್ಲಿ ನಡೆದೇ ಇಲ್ಲ.

ಮೆಮೊರಿ ಕೆಡಿಸುವ ಬಗ್‌ಗಳ ಕಷ್ಟವೆಲ್ಲ ಇದರಲ್ಲೇ ಇದೆ. ತಪ್ಪು ನಡೆದ ಜಾಗ ಒಂದು, ಗೋಳು ಕೇಳಿಸುವ ಜಾಗ ಇನ್ನೊಂದು. ನಡುವೆ ಕೆಲವು ಮಿಲಿಸೆಕೆಂಡ್ ಇರಬಹುದು, ಮೂರು ದಿನವೂ ಇರಬಹುದು. ಇವನ್ನು ಹಿಡಿಯಲು ಅರ್ಧ ಶತಮಾನದಲ್ಲಿ ಬಂದ ಉಪಾಯಗಳನ್ನು ಸಾಲಾಗಿಟ್ಟು ನೋಡಿದರೆ ಎಲ್ಲವೂ ಈ ಅಂತರವನ್ನು ಕಿರಿದು ಮಾಡುವ ಪ್ರಯತ್ನಗಳೇ. ಇನ್ನೊಂದು ಸಂಗತಿಯೂ ಎದ್ದು ಕಾಣುತ್ತದೆ. ಮೂಲ ಉಪಾಯಗಳು ಬಹಳ ಹಳೆಯವು, ಬೆರಳೆಣಿಕೆಯವು. ಬದಲಾಗುತ್ತ ಬಂದದ್ದು ಅವಕ್ಕೆ ತೆರಬೇಕಾದ ಬೆಲೆ.

ಬೆಲೆಯ ಮಾತು ಶುರುವಾದದ್ದೇ 1960ರ ದಶಕದಲ್ಲಿ. ಬ್ರಿಟನ್ನಿನ ಎಲಿಯಟ್ ಕಂಪನಿಯ ಕಂಪ್ಯೂಟರುಗಳಿಗೆ ಟೋನಿ ಹೋರ್ ತಂಡ ಆಲ್ಗಾಲ್ ಭಾಷೆಯ ಕಂಪೈಲರ್ ಬರೆಯಿತು. ಅರೇಯೊಂದರ ಇಷ್ಟನೆಯ ಅಂಶ ಕೊಡು ಎಂದು ಪ್ರೋಗ್ರಾಮ್ ಕೇಳಿದಾಗಲೆಲ್ಲ ಆ ಸಂಖ್ಯೆ ಗಡಿಯೊಳಗಿದೆಯೇ ಎಂದು ಅದು ತಪಾಸಣೆ ಮಾಡುತ್ತಿತ್ತು. ವೇಗ ಬೇಕಿದ್ದರೆ ಈ ತಪಾಸಣೆ ತೆಗೆದುಹಾಕಲು ಅವಕಾಶ ಕೊಡೋಣವೇ ಎಂದು ಮುಂದೆ ಗ್ರಾಹಕರನ್ನು ಕೇಳಿದಾಗ, ಬೇಡವೇ ಬೇಡ ಎಂದು ಅವರೆಲ್ಲ ಒಕ್ಕೊರಲಿನಿಂದ ಹೇಳಿದರಂತೆ. ದಿನನಿತ್ಯದ ಕೆಲಸದಲ್ಲಿ ಅಂಥ ತಪ್ಪು ಎಷ್ಟು ಆಗುತ್ತದೆಂದು ಅವರಿಗೆ ಗೊತ್ತಿತ್ತು. 1980ರ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಇದನ್ನು ನೆನೆದ ಹೋರ್, ಭಾಷೆ ರೂಪಿಸುವವರು ಇನ್ನೂ ಪಾಠ ಕಲಿತಿಲ್ಲವೆಂದು ಕೊರಗಿದರು. ಅಷ್ಟರಲ್ಲಿ ಕಾಲ ಮಿಂಚಿತ್ತು. ಬೆಲ್ ಲ್ಯಾಬ್ಸ್‌ನ ಡೆನಿಸ್ ರಿಚಿ 1970ರ ದಶಕದ ಆರಂಭದಲ್ಲಿ ರೂಪಿಸಿದ ಸಿ ಭಾಷೆ ಯುನಿಕ್ಸ್ ಜೊತೆಗೆ ಎಲ್ಲೆಡೆ ಹಬ್ಬುತ್ತಿತ್ತು. ಅದರಲ್ಲಿ ಗಡಿ ತಪಾಸಣೆ ಇಲ್ಲ. ಪಾಯಿಂಟರ್ ಎಂದರೆ ಬರಿಯ ವಿಳಾಸ. ಅದು ತೋರಿಸುವ ಜಾಗ ಎಷ್ಟು ದೊಡ್ಡದು, ಇನ್ನೂ ನಮ್ಮದೇ ಆಗಿದೆಯೇ ಎಂಬುದು ಅದಕ್ಕೆ ತಿಳಿಯದು. ಅಂದಿನ ಪುಟ್ಟ ಯಂತ್ರಗಳ ಮೇಲೆ ಆಪರೇಟಿಂಗ್ ಸಿಸ್ಟಮ್ ಬರೆಯುವವರಿಗೆ ಆ ಆಯ್ಕೆ ತಪ್ಪೆಂದು ನಾನು ಹೇಳಲಾರೆ. ಆದರೆ ಆಗ ಕೈಬಿಟ್ಟದ್ದನ್ನು ಕಂತುಕಂತಾಗಿ ಮರಳಿ ಕೊಳ್ಳುವುದರಲ್ಲೇ ಮುಂದಿನ ಐವತ್ತು ವರ್ಷ ಕಳೆಯಿತು.

ತಪ್ಪಿನಲ್ಲಿ ಎರಡು ಬಗೆ. ಮಲ್ಲಿಕಾರ್ಜುನನದು ಜಾಗದ ತಪ್ಪು, ತನ್ನ ತುಂಡಿನಾಚೆ ಬರೆಯುವುದು ಅಥವಾ ಓದುವುದು. ಇನ್ನೊಂದು ಕಾಲದ ತಪ್ಪು, ಹಿಂತಿರುಗಿಸಿದ ಮೇಲೂ ಆ ತುಂಡನ್ನು ಬಳಸುವುದು. ಎರಡನೆಯದು ಹೆಚ್ಚು ಸತಾಯಿಸುತ್ತದೆ. ಅಷ್ಟರಲ್ಲಿ ಜಾಗ ಬೇರೆಯವರ ಪಾಲಾಗಿರುತ್ತದೆ. ಇಬ್ಬರೂ ತಮ್ಮದೇ ಎಂದು ನಂಬಿ ಬರೆಯುತ್ತಿರುತ್ತಾರೆ, ಪ್ರತಿ ಸಾಲನ್ನೂ ಬಿಡಿಬಿಡಿಯಾಗಿ ಓದಿದರೆ ಇಬ್ಬರದೂ ಸರಿಯಾಗಿಯೇ ಕಾಣುತ್ತದೆ.

ಮೊದಮೊದಲಿನ ಹತ್ಯಾರುಗಳು ಎರಡೇ: ಕೋರ್ ಡಂಪ್ ಮತ್ತು ಪ್ರಿಂಟ್‌ಎಫ್. ಪ್ರೋಗ್ರಾಮ್ ಸತ್ತ ಕ್ಷಣದಲ್ಲಿ ಮೆಮೊರಿಯಲ್ಲಿ ಇದ್ದುದೆಲ್ಲವನ್ನೂ ಕಡತಕ್ಕೆ ಬರೆಯುವುದು ಕೋರ್ ಡಂಪ್. ಕಾಂತೀಯ ಕೋರ್ ಮೆಮೊರಿಯ ಕಾಲದಿಂದ ಉಳಿದ ಹೆಸರು. ಸತ್ತದ್ದು ಎಲ್ಲಿ ಎಂದು ಅದು ತೋರಿಸುತ್ತದೆ, ಕೆಟ್ಟದ್ದು ಎಲ್ಲಿ ಎಂದಲ್ಲ. ನಡುನಡುವೆ ಮೌಲ್ಯಗಳನ್ನು ಪರದೆಗೆ ಬರೆಸುವ ಪ್ರಿಂಟ್‌ಎಫ್ ಸಾಲು ಸೇರಿಸಿ ನೋಡೋಣವೆಂದರೆ ಮೆಮೊರಿಯ ಜೋಡಣೆಯೇ ಬದಲಾಗಿ ಬಗ್ ಮಾಯವಾಗುತ್ತದೆ, ಸಾಲು ತೆಗೆದ ಕೂಡಲೇ ಮರಳಿ ಬರುತ್ತದೆ. ನೋಡಲು ಹೋದರೆ ಬದಲಾಗುವ ಇಂಥವನ್ನು ಭೌತವಿಜ್ಞಾನಿ ಹೈಸೆನ್‌ಬರ್ಗ್ ಹೆಸರಿನ ಮೇಲೆ ಹೈಸೆನ್‌ಬಗ್ ಎನ್ನುವುದುಂಟು. ಟ್ಯಾಂಡೆಮ್ ಕಂಪನಿಯ ಜಿಮ್ ಗ್ರೇ 1985ರ ತಮ್ಮ ಹೆಸರಾಂತ ವರದಿಯಲ್ಲಿ ಈ ಪದ ಬಳಸಿದ್ದರು.

ಮುಂದಿನ ಹೆಜ್ಜೆ ಗುರುತು ತುಂಬುವುದು. ಹೊಸದಾಗಿ ಕೊಟ್ಟ ತುಂಡಿಗೂ ಹಿಂತಿರುಗಿ ಬಂದ ತುಂಡಿಗೂ ಕಣ್ಣಿಗೆ ಹೊಡೆಯುವಂಥ ಮೌಲ್ಯ ತುಂಬಿಡುವುದು, ತುಂಡಿನ ಅಂಚಿಗೆ ಕೆಲವು ಕಾವಲು ಬೈಟ್ ಇಡುವುದು. ಮೈಕ್ರೋಸಾಫ್ಟ್‌ನ ವಿಷುಯಲ್ ಸಿ++ನಲ್ಲಿ ಡೀಬಗ್ ಬಿಲ್ಡ್ ಮಾಡಿದವರೆಲ್ಲ ಇವನ್ನು ಕಂಡಿರುತ್ತಾರೆ. ಹೊಸ ಮೆಮೊರಿಗೆ ಸಿಡಿ ಎಂಬ ಹೆಕ್ಸ್ ಬೈಟ್, ಬಿಟ್ಟ ಮೆಮೊರಿಗೆ ಡಿಡಿ, ಅಂಚಿನ 4 ಬೈಟ್‌ಗೆ ಎಫ್‌ಡಿ. ಸೋಲಾರಿಸ್ ಕರ್ನಲ್ ಬಿಟ್ಟ ಮೆಮೊರಿಗೆ 'ಡೆಡ್‌ಬೀಫ್' ಎಂದು ಓದಲು ಬರುವ ಹೆಕ್ಸ್ ಸಂಖ್ಯೆ ತುಂಬುತ್ತಿತ್ತು. ನಮ್ಮ ಬಸವರಾಜ ಇಲ್ಲಿ ಸಿಕ್ಕಿಬೀಳುತ್ತಾನೆ: 4 ಎಫ್‌ಡಿಗಳಲ್ಲಿ 3 ಅಳಿಸಿಹೋಗಿರುತ್ತವೆ. ಆದರೆ ಸಿಕ್ಕುವುದು ತುಂಡನ್ನು ಹಿಂತಿರುಗಿಸುವಾಗ ಅಥವಾ ಯಾರಾದರೂ ತಪಾಸಣೆಗೆಂದು ಕರೆದಾಗ. ಹೊಲದ ಬಾಂದುಕಲ್ಲು ಕಿತ್ತುಹೋಗಿದ್ದರೆ ಒತ್ತುವರಿ ಆಗಿದೆಯೆಂದು ಸರ್ವೆಯವರು ಹೇಳಬಲ್ಲರು; ಯಾರು, ಯಾವ ರಾತ್ರಿ ಎಂದು ಕಲ್ಲು ಹೇಳುವುದಿಲ್ಲ. ಅಂತರ ಕಿರಿದಾಯಿತು, ಹೋಗಲಿಲ್ಲ. ಇನ್ನೊಂದು ಮಿತಿಯೂ ಇದೆ. ಗಡಿಯಾಚೆ ಬರೆದರೆ ಗುರುತು ಅಳಿಯುತ್ತದೆ, ಗಡಿಯಾಚೆ ಬರಿದೇ ಓದಿದರೆ ಯಾವ ಗುರುತೂ ಕದಲುವುದಿಲ್ಲ.

ತಪ್ಪು ನಡೆದ ಕ್ಷಣದಲ್ಲೇ ಹಿಡಿಯಬೇಕಿದ್ದರೆ ಹಾರ್ಡ್‌ವೇರ್ ನೆರವು ಬೇಕಿತ್ತು, ಅದು ಪ್ರೊಸೆಸರ್‌ನಲ್ಲಿ ಮೊದಲೇ ಇತ್ತು. ಪ್ರೊಸೆಸರ್ ಮೆಮೊರಿಯನ್ನು ಸಾಮಾನ್ಯವಾಗಿ 4096 ಬೈಟ್‌ಗಳ ಪುಟಗಳಾಗಿ ನೋಡುತ್ತದೆ. ಯಾವುದೇ ಪುಟಕ್ಕೆ ಪ್ರವೇಶ ನಿಷೇಧಿಸಬಹುದು. ಪಿಕ್ಸಾರ್‌ನಲ್ಲಿದ್ದ ಬ್ರೂಸ್ ಪೆರೆನ್ಸ್ 1987ರಲ್ಲಿ ಬರೆದ ಎಲೆಕ್ಟ್ರಿಕ್ ಫೆನ್ಸ್ ಈ ಸೌಲಭ್ಯವನ್ನೇ ಹಿಡಿಯಿತು. ಕೇಳಿದ ತುಂಡನ್ನು ಒಂದು ಪುಟದ ತುದಿಗೆ ಒತ್ತಿ ಇಡುವುದು, ಮುಂದಿನ ಪುಟಕ್ಕೆ ನಿಷೇಧ ಹಾಕುವುದು. ಬಸವರಾಜನ ಹೆಸರಿನ 17ನೆಯ ಬೈಟ್ ಬರೆಯಲು ಹೋದ ಆ ಸಾಲಿನಲ್ಲೇ ಪ್ರೋಗ್ರಾಮ್ ನಿಲ್ಲುತ್ತದೆ. ಓದುವ ತಪ್ಪೂ ಸಿಗುತ್ತದೆ. ಅಂತರ ಸೊನ್ನೆ. ಬೆಲೆ? 16 ಬೈಟ್‌ಗೆ ಎರಡು ಪುಟ, ಎಂದರೆ 8 ಕಿಲೋಬೈಟ್. ಲಕ್ಷಗಟ್ಟಲೆ ಸಣ್ಣ ತುಂಡು ಕೇಳುವ ದೊಡ್ಡ ಪ್ರೋಗ್ರಾಮ್ ಇದರ ಮೇಲೆ ಓಡುವ ಮಾತೇ ಇರಲಿಲ್ಲ. ಈ ಉಪಾಯ ನೆನಪಿರಲಿ, ಮೂವತ್ತು ವರ್ಷ ಕಳೆದ ಮೇಲೆ ವೇಷ ಬದಲಿಸಿ ಬರುತ್ತದೆ.

ನೆಟ್‌ಫ್ಲಿಕ್ಸ್ ಸಹಸ್ಥಾಪಕರೆಂದು ಜಗತ್ತಿಗೆ ಗೊತ್ತಿರುವ ರೀಡ್ ಹೇಸ್ಟಿಂಗ್ಸ್ ಅದಕ್ಕೆ ಮೊದಲು ಮಾಡಿದ ಕೆಲಸ ಈ ಕ್ಷೇತ್ರದ್ದೇ ಎಂಬುದು ಅನೇಕರಿಗೆ ತಿಳಿಯದು. ಅವರ ಪ್ಯೂರ್ ಸಾಫ್ಟ್‌ವೇರ್ ಕಂಪನಿ ತಂದ ಪ್ಯೂರಿಫೈ ಹತ್ಯಾರಿನ ಬಗ್ಗೆ ಹೇಸ್ಟಿಂಗ್ಸ್ ಮತ್ತು ಬಾಬ್ ಜಾಯ್ಸ್ 1992ರ ಯೂಸೆನಿಕ್ಸ್ ಸಮ್ಮೇಳನದಲ್ಲಿ ಪ್ರಬಂಧ ಮಂಡಿಸಿದರು. ಮೆಮೊರಿಯ ಪ್ರತಿ ಬೈಟ್‌ಗೂ ಬೇರೆ ಕಡೆ 2 ಬಿಟ್‌ಗಳ ಖಾತೆ ಇಡುವುದು ಇದರ ತಿರುಳು: ಈ ಬೈಟ್ ಯಾರಿಗೂ ಕೊಟ್ಟಿಲ್ಲ, ಕೊಟ್ಟಿದೆ ಆದರೆ ಇನ್ನೂ ಏನೂ ಬರೆದಿಲ್ಲ, ಕೊಟ್ಟಿದೆ ಮತ್ತು ಬರೆದಿದೆ. ಕಂಪೈಲ್ ಆದ ಆಬ್ಜೆಕ್ಟ್ ಕಡತದೊಳಗೇ ಕೈಹಾಕಿ, ಮೆಮೊರಿ ಮುಟ್ಟುವ ಪ್ರತಿ ಆದೇಶದ ಮುಂದೆ ಖಾತೆ ನೋಡುವ ಕೋಡ್ ತೂರಿಸುವುದು. ಸೋರ್ಸ್ ಇಲ್ಲದ ಲೈಬ್ರರಿಗೂ ನಡೆಯುತ್ತಿತ್ತು. ಮೌಲ್ಯ ಬರೆಯದೆ ಓದುವ ತಪ್ಪು, ಹಿಂತಿರುಗಿಸಲು ಮರೆತ ಮೆಮೊರಿ, ಎಲ್ಲವೂ ಒಂದೇ ವರದಿಯಲ್ಲಿ. ಖಾತೆಯ ಈ ಮೆಮೊರಿಗೆ ಶ್ಯಾಡೋ ಮೆಮೊರಿ ಎನ್ನುತ್ತಾರೆ, ಮುಂದಿನ ಮುಖ್ಯ ಹತ್ಯಾರುಗಳಲ್ಲಿ ಹಲವು ಇದರ ಮಕ್ಕಳು ಮೊಮ್ಮಕ್ಕಳು. ಲೈಸೆನ್ಸ್ ದುಡ್ಡು ಕೊಟ್ಟು ಕೊಳ್ಳಬೇಕಿತ್ತು ಎಂಬುದು ದೊಡ್ಡ ಕೊರತೆ. ಕಾಲೇಜಿನ ಲ್ಯಾಬಿಗೂ ಹವ್ಯಾಸಿ ಪ್ರೋಗ್ರಾಮರಿಗೂ ಅದು ಕನಸಿನ ಮಾತು.

ಅದೇ ಹೊತ್ತಿಗೆ ಇನ್ನೊಂದು ಕಡೆ ಈ ಬಗ್‌ಗಳ ಅರ್ಥವೇ ಬದಲಾಗುತ್ತಿತ್ತು. 1988ರ ನವೆಂಬರ್ 2ರಂದು ಬಿಡುಗಡೆಯಾದ ಮಾರಿಸ್ ವರ್ಮ್ ಎಂಬ ತಾನೇ ಹರಡುವ ಪ್ರೋಗ್ರಾಮ್, ಫಿಂಗರ್ ಎಂಬ ಸೇವೆಯ 512 ಬೈಟ್ ಬಫರನ್ನು ಉಕ್ಕಿಸಿ ಯಂತ್ರಗಳೊಳಗೆ ನುಗ್ಗಿತ್ತು. 1996ರಲ್ಲಿ ಫ್ರ್ಯಾಕ್ ಪತ್ರಿಕೆಯ ಲೇಖನವೊಂದು, ಫಂಕ್ಷನ್‌ಗಳು ತಮ್ಮ ಡೇಟಾ ಇಟ್ಟುಕೊಳ್ಳುವ ಸ್ಟ್ಯಾಕ್ ಎಂಬ ಜಾಗವನ್ನು ಉಕ್ಕಿಸುವುದು ಹೇಗೆಂದು ಹಂತಹಂತವಾಗಿ ಕಲಿಸಿಕೊಟ್ಟಿತು. ಅಲ್ಲಿಯವರೆಗೆ ತಲೆನೋವಾಗಿದ್ದದ್ದು ಅಲ್ಲಿಂದ ದಾಳಿಕೋರರಿಗೆ ಬಾಗಿಲಾಯಿತು. 1998ರ ಸ್ಟ್ಯಾಕ್‌ಗಾರ್ಡ್ ಫಂಕ್ಷನ್‌ನಿಂದ ಮರಳುವ ವಿಳಾಸದ ಪಕ್ಕ ಒಂದು ಕಾವಲು ಮೌಲ್ಯ ಇಟ್ಟು, ಮರಳುವ ಮುನ್ನ ಅದು ಹಾಗೇ ಇದೆಯೇ ಎಂದು ನೋಡಿತು. ಹಳೆಯ ಬಾಂದುಕಲ್ಲೇ, ಈ ಸಲ ಡೀಬಗ್ ಬಿಲ್ಡ್‌ನಲ್ಲಲ್ಲ, ಗ್ರಾಹಕರ ಕೈಗೆ ಹೋಗುವ ಪ್ರೋಗ್ರಾಮಿನಲ್ಲಿ.

ದುಡ್ಡಿನ ಗೋಡೆ ಒಡೆದದ್ದು 2002ರಲ್ಲಿ. ಬಿಜಿಪ್2 ಬರೆದ ಜೂಲಿಯನ್ ಸೆವರ್ಡ್ ವಾಲ್‌ಗ್ರಿಂಡ್ ಎಂಬ ಮುಕ್ತ ಹತ್ಯಾರನ್ನು ಹೊರತಂದರು. ಕೇಂಬ್ರಿಜ್‌ನಲ್ಲಿ ಸಂಶೋಧನೆ ಮಾಡುತ್ತಿದ್ದ ನಿಕೊಲಸ್ ನೆದರ್‌ಕೋಟ್ ಕೈಜೋಡಿಸಿದರು. ನಾರ್ಸ್ ಪುರಾಣದ ವಾಲ್‌ಹಾಲಾದ ಪ್ರವೇಶದ್ವಾರದ ಹೆಸರನ್ನೇ ಹತ್ಯಾರಿಗೆ ಇಟ್ಟರು. ಇದು ಪ್ರೋಗ್ರಾಮನ್ನು ನೇರ ಓಡಿಸುವುದೇ ಇಲ್ಲ. ಯಂತ್ರಭಾಷೆಯ ಆದೇಶಗಳನ್ನು ಓಡುವಾಗಲೇ ಬಿಡಿಸಿ, ತಪಾಸಣೆ ಸೇರಿಸಿ, ಮತ್ತೆ ಕಟ್ಟಿ ಓಡಿಸುತ್ತದೆ. ಮರುಕಂಪೈಲ್ ಬೇಕಿಲ್ಲ, ಪ್ರೋಗ್ರಾಮ್ ಓಡಿಸುವ ಆದೇಶದ ಮುಂದೆ ಒಂದು ಪದ ಸೇರಿಸಿದರೆ ಸಾಕು. ಅದರೊಳಗಿನ ಮೆಮ್‌ಚೆಕ್ ಬೈಟ್ ಮಟ್ಟಕ್ಕೂ ನಿಲ್ಲದೆ ಪ್ರತಿ ಬಿಟ್‌ಗೂ 'ಇದಕ್ಕೆ ಅರ್ಥವಿದೆಯೇ' ಎಂಬ ಖಾತೆ ಇಡುತ್ತದೆ. ಜಾಣತನ ಇರುವುದು ದೂರು ಕೊಡುವ ಹೊತ್ತಿನಲ್ಲಿ. ಏನೂ ಬರೆಯದ ಬೈಟನ್ನು ನಕಲು ಮಾಡಿದರೆ ಸುಮ್ಮನಿರುತ್ತದೆ. ಅದರ ಮೌಲ್ಯ ನೋಡಿ ಪ್ರೋಗ್ರಾಮ್ ಆ ದಾರಿಯೋ ಈ ದಾರಿಯೋ ಎಂದು ನಿರ್ಧರಿಸುವಂಥ ಹೊತ್ತಿನಲ್ಲಿ ಕೂಗುತ್ತದೆ. ಬೆಲೆಯೆಂದರೆ ವೇಗ. ನೆದರ್‌ಕೋಟ್ ಮತ್ತು ಸೆವರ್ಡ್ 2007ರ ಪ್ರಬಂಧದಲ್ಲಿ ಕೊಟ್ಟ ಲೆಕ್ಕದಂತೆ ಮೆಮ್‌ಚೆಕ್ ಅಡಿಯಲ್ಲಿ ಪ್ರೋಗ್ರಾಮ್ ಸರಾಸರಿ 22 ಪಟ್ಟು ನಿಧಾನ. ಟೀ ಕುಡಿದು ಬರುವಷ್ಟು ಪುರುಸೊತ್ತಿದ್ದರೆ ಇಂದಿಗೂ ಇದರಷ್ಟು ನೆಚ್ಚಬಹುದಾದ ಹತ್ಯಾರು ಕಡಿಮೆ.

ಹತ್ಯಾರು ಹೇಳಿದ್ದನ್ನು ಅರ್ಥ ಮಾಡಿಕೊಳ್ಳದೆ ಪಾಲಿಸಿದರೆ ಏನಾಗುತ್ತದೆಂದು ಡೆಬಿಯನ್ ಲಿನಕ್ಸ್‌ನ ಕತೆ ತೋರಿಸಿತು. ಓಪನ್‌ಎಸ್‌ಎಸ್‌ಎಲ್ ಲೈಬ್ರರಿ ಗುಪ್ತ ಕೀಲಿಗಳಿಗಾಗಿ ಯಾದೃಚ್ಛಿಕ ಸಂಖ್ಯೆ ಹುಟ್ಟಿಸುತ್ತದೆ. ಸಿಕ್ಕಿದ ಕಡೆಯಿಂದೆಲ್ಲ ಗೊಂದಲ ಕೂಡಿಸಿಕೊಳ್ಳುವುದು ಅದರ ಅಂದಿನ ರೀತಿ, ಅದರಲ್ಲಿ ಏನೂ ಬರೆಯದ ಮೆಮೊರಿಯನ್ನು ಬೆರೆಸಿಕೊಳ್ಳುವುದೂ ಒಂದಾಗಿತ್ತು. ವಾಲ್‌ಗ್ರಿಂಡ್ ಸಹಜವಾಗಿಯೇ ದೂರು ಹೇಳಿತು. ಎಚ್ಚರಿಕೆ ನಿಲ್ಲಲಿ ಎಂದು 2006ರಲ್ಲಿ ಡೆಬಿಯನ್ನಿನ ಪ್ರತಿಯಲ್ಲಿ ಒಂದೇ ಬಗೆಯ ಎರಡು ಸಾಲುಗಳನ್ನು ತೆಗೆದುಹಾಕಲಾಯಿತು. ಒಂದನ್ನು ತೆಗೆದರೆ ನಷ್ಟವಿರಲಿಲ್ಲ. ಇನ್ನೊಂದು ನಿಜವಾದ ಯಾದೃಚ್ಛಿಕತೆ ಒಳಬರುವ ದಾರಿಯೇ ಆಗಿತ್ತು. ಉಳಿದದ್ದು ಪ್ರೊಸೆಸ್ ಸಂಖ್ಯೆ ಮಾತ್ರ, ಹೆಚ್ಚೆಂದರೆ 32,768 ಬಗೆ. 2008ರ ಮೇ ತಿಂಗಳಲ್ಲಿ ಇದು ಬಯಲಾಗುವವರೆಗೆ ಡೆಬಿಯನ್ ಮತ್ತು ಉಬುಂಟು ಯಂತ್ರಗಳಲ್ಲಿ ಹುಟ್ಟಿದ ಕೀಲಿಗಳನ್ನು ಮನೆಯ ಕಂಪ್ಯೂಟರಿನಲ್ಲಿ ಕೂತು ಒಂದೊಂದಾಗಿ ಎಣಿಸಿ ಹಾಕಬಹುದಿತ್ತು. ವಾಲ್‌ಗ್ರಿಂಡ್ ಹೇಳಿದ್ದರಲ್ಲಿ ಸುಳ್ಳು ಒಂದಿನಿತೂ ಇರಲಿಲ್ಲ.

ನನ್ನ ಲೆಕ್ಕದಲ್ಲಿ ಈ ಕ್ಷೇತ್ರದ ನಿಜವಾದ ತಿರುವು 2012. ಗೂಗಲ್‌ನ ಕಾನ್‌ಸ್ಟಾಂಟಿನ್ ಸೆರೆಬ್ರಿಯಾನಿ ಮತ್ತು ಸಂಗಡಿಗರು ಪ್ರಕಟಿಸಿದ ಅಡ್ರೆಸ್‌ಸ್ಯಾನಿಟೈಜರ್, ಬಳಸುವವರ ಬಾಯಲ್ಲಿ ಏಸ್ಯಾನ್. ಇದರಲ್ಲಿ ಹೊಸ ತತ್ತ್ವವೇನೂ ಇಲ್ಲ. ಕಾವಲು ಬೈಟ್, ಶ್ಯಾಡೋ ಮೆಮೊರಿ, ಎರಡೂ ಹಳೆಯವೇ. ಹೊಸದು ಕೆಲಸದ ಜಾಗ. ತಪಾಸಣೆಯ ಕೋಡನ್ನು ಕಂಪೈಲರೇ ಹಾಕುತ್ತದೆ, ಆದ್ದರಿಂದ ಬೇಡದ್ದನ್ನು ಬಿಡಬಲ್ಲದು, ಸ್ಟ್ಯಾಕ್ ಮೇಲಿನ ಅರೇಗಳ ಸುತ್ತಲೂ ಕಾವಲು ಹಾಕಬಲ್ಲದು. ಖಾತೆ ಹುಡುಕುವ ಲೆಕ್ಕವೂ ಸರಳ. 8 ಬೈಟ್‌ಗೆ 1 ಶ್ಯಾಡೋ ಬೈಟ್; ವಿಳಾಸವನ್ನು 8ರಿಂದ ಭಾಗಿಸಿ ಒಂದು ನಿಶ್ಚಿತ ಸಂಖ್ಯೆ ಕೂಡಿಸಿದರೆ ಖಾತೆಯ ವಿಳಾಸ. ಅಲ್ಲಿ ಸೊನ್ನೆ ಇದ್ದರೆ ಎಂಟೂ ಬೈಟ್ ಮುಟ್ಟಬಹುದು, 3 ಇದ್ದರೆ ಮೊದಲ ಮೂರು ಮಾತ್ರ, ಋಣ ಸಂಖ್ಯೆ ಇದ್ದರೆ ಯಾವುದನ್ನೂ ಮುಟ್ಟುವಂತಿಲ್ಲ. ಇಷ್ಟರಿಂದ ನಿಧಾನವಾಗುವುದು ಸರಾಸರಿ ಶೇ 73 ಎಂದು ಪ್ರಬಂಧ ಹೇಳಿತು. ಕ್ರೋಮಿಯಂ ಬ್ರೌಸರ್‌ನಲ್ಲಿ ಅಲ್ಲಿಯವರೆಗೆ ಯಾರಿಗೂ ಗೊತ್ತಿಲ್ಲದ 300ಕ್ಕೂ ಹೆಚ್ಚು ಬಗ್ ಸಿಕ್ಕಿದ್ದವು.

22 ಪಟ್ಟು ಮತ್ತು ಸುಮಾರು ಎರಡು ಪಟ್ಟಿನ ನಡುವಿನ ವ್ಯತ್ಯಾಸ ಬರಿಯ ಅಂಕಿಯದಲ್ಲ. 22 ಪಟ್ಟು ನಿಧಾನದ ಹತ್ಯಾರನ್ನು ಬಗ್ ಇದೆಯೆಂದು ಅನುಮಾನ ಬಂದಾಗ ಓಡಿಸುತ್ತಾರೆ. ಎರಡು ಪಟ್ಟಿನದನ್ನು ಪ್ರತಿ ಟೆಸ್ಟ್‌ನಲ್ಲೂ, ಪ್ರತಿ ರಾತ್ರಿಯ ಬಿಲ್ಡ್‌ನಲ್ಲೂ ಓಡಿಸುತ್ತಾರೆ. ಬಸವರಾಜನ ಅರ್ಜಿಯನ್ನು ಏಸ್ಯಾನ್ ಹಾಕಿ ಓಡಿಸಿದರೆ ಹೆಸರು ನಕಲಿಸುವ ಸಾಲಿನಲ್ಲೇ ನಿಂತು, 19 ಬೈಟ್ ಬರೆಯಲು ಹೋದಿರಿ, 16 ಬೈಟ್ ತುಂಡು ಮುಗಿದ ಮರುಬೈಟ್‌ನಿಂದ ತಪ್ಪು ಶುರು, ಆ ತುಂಡು ಕೇಳಿ ಪಡೆದದ್ದು ಇಂಥ ಕಡತದ ಇಂಥ ಸಾಲಿನಲ್ಲಿ ಎಂದು ತಿಳಿಸುತ್ತದೆ. ಕಾಲದ ತಪ್ಪಾದರೆ ಮೂರನೆಯ ಸುಳಿವು, ಹಿಂತಿರುಗಿಸಿದ್ದು ಯಾರು ಎಂಬುದು. ಅದಕ್ಕಾಗಿ ಹಿಂತಿರುಗಿ ಬಂದ ತುಂಡುಗಳನ್ನು ಮತ್ತೆ ಕೊಡದೆ ಕೆಲಕಾಲ ಪಕ್ಕಕ್ಕೆ ಇಟ್ಟಿರುತ್ತದೆ, ಸಾಮಾನ್ಯವಾಗಿ 256 ಮೆಗಾಬೈಟ್ ತುಂಬುವವರೆಗೆ. ಅದಕ್ಕೂ ತಡವಾಗಿ ಆದ ತಪ್ಪು ತಪ್ಪಿಸಿಕೊಳ್ಳುತ್ತದೆ. ಕಾವಲು ಬೈಟ್‌ಗಳನ್ನೆಲ್ಲ ಒಂದೇ ನೆಗೆತಕ್ಕೆ ಹಾರಿ ಬೇರೊಂದು ತುಂಡಿನ ನಡುವೆ ಇಳಿದ ಪಾಯಿಂಟರ್ ಕೂಡ.

ಏಸ್ಯಾನ್‌ಗೆ ಜೊತೆಯಾದದ್ದು ಫಜಿಂಗ್, ಎಂದರೆ ಪ್ರೋಗ್ರಾಮಿಗೆ ಕಸ ಉಣಿಸಿ ಬೀಳುತ್ತದೆಯೇ ಎಂದು ನೋಡುವುದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬಾರ್ಟನ್ ಮಿಲ್ಲರ್ ಒಂದು ಬಿರುಗಾಳಿಯ ರಾತ್ರಿ ಫೋನ್ ಲೈನಿನ ಮೂಲಕ ಕೆಲಸ ಮಾಡುತ್ತಿದ್ದರು. ಲೈನಿನ ಗದ್ದಲ ಸೇರಿಕೊಂಡ ಕಸದ ಅಕ್ಷರಗಳಿಗೆ ಯುನಿಕ್ಸ್ ಪ್ರೋಗ್ರಾಮುಗಳು ಪಟಪಟ ಬೀಳುವುದನ್ನು ಕಂಡು, 1988ರಲ್ಲಿ ಅದನ್ನೇ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಆಗಿ ಕೊಟ್ಟರು. ಕಸ ಉಣಿಸಿ ನೋಡಿದ ಪ್ರೋಗ್ರಾಮುಗಳಲ್ಲಿ ಕಾಲುಭಾಗಕ್ಕೂ ಹೆಚ್ಚು ಬಿದ್ದವು. 2013ರಲ್ಲಿ ಮಿಖಾವ್ ಜಲೆವ್‌ಸ್ಕಿ ಬಿಡುಗಡೆ ಮಾಡಿದ ಎಎಫ್‌ಎಲ್, ಯಾವ ಕಸ ಪ್ರೋಗ್ರಾಮನ್ನು ಹೊಸ ದಾರಿಗೆ ಒಯ್ಯಿತೆಂದು ಗಮನಿಸಿ ಅದನ್ನೇ ಇನ್ನಷ್ಟು ತಿರುಚುವ ಜಾಣ ಫಜರ್. ಆದರೆ ಫಜರ್‌ಗೆ ಕಾಣುವುದು ಬಿದ್ದದ್ದು ಮಾತ್ರ. 2014ರ ಹಾರ್ಟ್‌ಬ್ಲೀಡ್ ನೆನಪಿಸಿಕೊಳ್ಳಿ: ಓಪನ್‌ಎಸ್‌ಎಸ್‌ಎಲ್ ತನ್ನ ಬಫರಿನಾಚೆ 64 ಕಿಲೋಬೈಟ್‌ವರೆಗೆ ಓದಿ ಕೇಳಿದವರಿಗೆ ಕಳಿಸಿಕೊಡುತ್ತಿತ್ತು. ಏನೂ ಬೀಳಲಿಲ್ಲ, ಸರ್ವರ್ ಠಾಕುಠೀಕಾಗಿ ನಡೆದೇ ಇತ್ತು. ಬೀಳದ ತಪ್ಪನ್ನು ಬೀಳಿಸುವುದು ಏಸ್ಯಾನ್ ಕೆಲಸ, ಆ ತಪ್ಪಿನವರೆಗೆ ಕರೆದೊಯ್ಯುವುದು ಫಜರ್ ಕೆಲಸ. ಗೂಗಲ್ 2016ರಲ್ಲಿ ಓಎಸ್‌ಎಸ್-ಫಜ್ ಹೆಸರಿನಲ್ಲಿ ಇವೆರಡನ್ನೂ ಜೋಡಿಸಿ ಮುಕ್ತ ತಂತ್ರಾಂಶಗಳ ಮೇಲೆ ಹಗಲಿರುಳು ಓಡಿಸತೊಡಗಿತು.

ಇವೆಲ್ಲ ಬಗ್ ಬರುವ ಮುಂಚೆ ಬಲೆ ಹಾಸುವವು. ಬಂದ ಮೇಲೆ ಹಿಂದಕ್ಕೆ ನಡೆದು ಹೋಗುವ ಇನ್ನೊಂದು ದಾರಿಯಿದೆ, ಅದು ನನಗೆ ಹೆಚ್ಚು ಇಷ್ಟ. 1985ರ ಇಂಟೆಲ್ 80386 ಪ್ರೊಸೆಸರಿನಲ್ಲೇ ನಾಲ್ಕು ವಿಳಾಸಗಳ ಮೇಲೆ ಕಣ್ಣಿಡುವ ರಿಜಿಸ್ಟರುಗಳಿದ್ದವು. ಆ ವಿಳಾಸಕ್ಕೆ ಯಾರೇ ಬರೆದರೂ ಡೀಬಗರ್ ನಿಲ್ಲುತ್ತದೆ. ಇದಕ್ಕೆ ವಾಚ್‌ಪಾಯಿಂಟ್ ಎನ್ನುತ್ತಾರೆ. ತೊಂದರೆಯೆಂದರೆ ಯಾವ ವಿಳಾಸ ಕೆಡುತ್ತದೆಂದು ಕೆಟ್ಟ ಮೇಲೆ ಗೊತ್ತಾಗುತ್ತದೆ, ಮತ್ತೆ ಓಡಿಸಿದರೆ ವಿಳಾಸ ಬೇರೆಯಾಗಿರುತ್ತದೆ. ಮೊಜಿಲ್ಲಾದಲ್ಲಿ ರಾಬರ್ಟ್ ಓಕ್ಯಾಲಹನ್ ಮತ್ತು ಜೊತೆಗಾರರು ಫೈರ್‌ಫಾಕ್ಸ್‌ಗಾಗಿ ಕಟ್ಟಿ 2014ರಲ್ಲಿ ಹೊರಬಿಟ್ಟ ಆರ್‌ಆರ್ ಎಂಬ ಡೀಬಗರ್ ಇದನ್ನು ಬಗೆಹರಿಸಿತು. ಹೊರಗಿನಿಂದ ಬರುವುದನ್ನೆಲ್ಲ, ಎಂದರೆ ಸಿಸ್ಟಮ್ ಕಾಲ್‌ಗಳ ಉತ್ತರ, ಸಿಗ್ನಲ್ ಬಂದ ಕ್ಷಣ, ಥ್ರೆಡ್‌ಗಳ ಸರದಿ ಇವನ್ನು ಅದು ದಾಖಲಿಸಿಕೊಂಡು, ಅದೇ ಓಟವನ್ನು ಬಿಟ್‌ಗೆ ಬಿಟ್ ಹಾಗೆಯೇ ಮತ್ತೆ ಆಡಿಸುತ್ತದೆ. ವಿಳಾಸ ಬದಲಾಗುವುದಿಲ್ಲ. ಮಲ್ಲಿಕಾರ್ಜುನನ ಕತೆಗೆ ಹಚ್ಚಿ ನೋಡಿ: ಪ್ರೋಗ್ರಾಮ್ ಸತ್ತ ಜಾಗದಲ್ಲಿ ನಿಲ್ಲಿಸಿ, ಕೆಟ್ಟ ಆ 8 ಬೈಟ್ ಲೆಕ್ಕದ ಮೇಲೆ ವಾಚ್‌ಪಾಯಿಂಟ್ ಇಟ್ಟು, ಹಿಂದಕ್ಕೆ ಓಡು ಎಂದು ಹೇಳಿ. ಪ್ರೋಗ್ರಾಮ್ ಹಿಮ್ಮುಖವಾಗಿ ಓಡಿ ಹೆಸರು ನಕಲಿಸುವ ಸಾಲಿನಲ್ಲಿ ನಿಲ್ಲುತ್ತದೆ. ಮೂರು ದಿನದ ಹುಡುಕಾಟ ಎರಡು ಆದೇಶಗಳಲ್ಲಿ ಮುಗಿಯಿತು. ಎಲ್ಲ ಥ್ರೆಡ್‌ಗಳನ್ನೂ ಒಂದೇ ಕೋರ್ ಮೇಲೆ ಸರದಿಯಲ್ಲಿ ಓಡಿಸಬೇಕಾದ್ದು ಇದರ ಬೆಲೆ. ನಮ್ಮ ಕಾಲೇಜುಗಳಲ್ಲಿ ಡೀಬಗಿಂಗ್ ಎಂದರೆ ಇನ್ನೂ ಬ್ರೇಕ್‌ಪಾಯಿಂಟ್ ಇಟ್ಟು ಮುಂದೆ ಮುಂದೆ ಹೆಜ್ಜೆ ಹಾಕುವುದನ್ನೇ ಕಲಿಸುವುದು ಯಾಕೋ.

ಪಾಯಿಂಟರ್‌ಗೇ ಅದರ ಗಡಿ ಕಲಿಸಿಬಿಟ್ಟರೆ? ಸಿ ಭಾಷೆ ಮೊದಲು ಮಾಡದೆ ಬಿಟ್ಟ ಕೆಲಸವದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಹೋದ ಸಂತೋಷ್ ನಾಗರಕಟ್ಟೆ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಸಾಫ್ಟ್‌ಬೌಂಡ್, ಪ್ರತಿ ಪಾಯಿಂಟರಿನ ಆರಂಭ ಮತ್ತು ಅಂತ್ಯವನ್ನು ಬೇರೆ ಕೋಷ್ಟಕದಲ್ಲಿ ಇಟ್ಟು ಜಾಗದ ತಪ್ಪುಗಳನ್ನು ಒಂದೂ ಬಿಡದೆ ಹಿಡಿಯುತ್ತದೆ, ನೆಗೆದು ಹಾರಿದ್ದನ್ನೂ. ಇಂಥದ್ದೇ ಯೋಚನೆಯನ್ನು ಇಂಟೆಲ್ ಎಂಪಿಎಕ್ಸ್ ಹೆಸರಿನಲ್ಲಿ 2015ರ ಸ್ಕೈಲೇಕ್ ಪ್ರೊಸೆಸರಿಗೆ ಹಾಕಿತು. ಹಾರ್ಡ್‌ವೇರ್ ಎಂದ ಮಾತ್ರಕ್ಕೆ ವೇಗ ಬರುವುದಿಲ್ಲವೆಂದು ಅದು ತೋರಿಸಿತು. ಬಳಸುವವರಿಲ್ಲದೆ 2019ರಲ್ಲಿ ಜಿಸಿಸಿ ಕಂಪೈಲರ್, 2020ರಲ್ಲಿ ಲಿನಕ್ಸ್ ಕರ್ನಲ್ ಅದನ್ನು ಕೈಬಿಟ್ಟವು. ಗೆದ್ದದ್ದು ಕಡಿಮೆ ಆಸೆಪಟ್ಟ ಉಪಾಯ. ಸ್ಪಾರ್ಕ್ ಎಂ7 ಪ್ರೊಸೆಸರಿನಲ್ಲಿ 2015ರಲ್ಲಿ ಬಂದು, ಆರ್ಮ್‌ನಲ್ಲಿ ಎಂಟಿಇ ಎಂದು ಹೆಸರಾದ ಗುರುತಿನ ಪದ್ಧತಿ ಅದು. ಆರ್ಮ್‌ನಲ್ಲಿ ಪ್ರತಿ 16 ಬೈಟ್‌ಗೆ 4 ಬಿಟ್ ಗುರುತು. ಪಾಯಿಂಟರಿನ ಖಾಲಿ ಮೇಲ್ಬಿಟ್‌ಗಳಲ್ಲೂ ಅದೇ ಗುರುತು. ಎರಡೂ ಹೊಂದದಿದ್ದರೆ ಪ್ರೊಸೆಸರೇ ತಡೆಯುತ್ತದೆ. ಗುರುತುಗಳು ಇರುವುದು 16 ಮಾತ್ರ, ಆದ್ದರಿಂದ ಹದಿನಾರರಲ್ಲಿ ಒಂದು ಸಲ ತಪ್ಪು ಅದೃಷ್ಟದಿಂದ ಪಾರಾಗಬಹುದು. 2023ರ ಪಿಕ್ಸೆಲ್ 8 ಫೋನಿನಲ್ಲಿ ಇದು ಬಂತು. ಆ್ಯಪಲ್ 2025ರ ಸೆಪ್ಟೆಂಬರ್‌ನಲ್ಲಿ ಐಫೋನ್ 17ರ ಜೊತೆ ಇದರ ಬಿಗಿಯಾದ ರೂಪವನ್ನು ತಂದಿತು. ಕೇಂಬ್ರಿಜ್ ವಿಶ್ವವಿದ್ಯಾಲಯ ಮತ್ತು ಎಸ್‌ಆರ್‌ಐ 2010ರಿಂದ ಕಟ್ಟುತ್ತಿರುವ ಚೆರಿ ಎಂಬ ಪ್ರೊಸೆಸರ್ ವಿನ್ಯಾಸ ಇನ್ನೂ ಮುಂದಕ್ಕೆ ಹೋಗಿ ಪಾಯಿಂಟರನ್ನೇ ಗಡಿಸಹಿತವಾದ ಹಕ್ಕುಪತ್ರವಾಗಿಸುತ್ತದೆ, ಆದರೆ ಅದಿನ್ನೂ ಅಂಗಡಿಯ ಫೋನಿಗೆ ಬಂದಿಲ್ಲ.

ಲ್ಯಾಬಿನಲ್ಲಿ ಎಷ್ಟೇ ಹಿಡಿದರೂ ಹೊರಗೆ ಓಡುವ ಪ್ರೋಗ್ರಾಮ್ ಕಾಣುವ ಪರಿಸ್ಥಿತಿಗಳೇ ಬೇರೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಬಿದ್ದವು; ಬೆಂಗಳೂರು ಸೇರಿ ನಮ್ಮ ವಿಮಾನ ನಿಲ್ದಾಣಗಳಲ್ಲೂ ಚೆಕ್-ಇನ್ ಸಾಲುಗಳು ನಿಂತಲ್ಲೇ ನಿಂತವು. ಮೂಲ ಕಾರಣವೆಂದು ಕಂಪನಿ ಪ್ರಕಟಿಸಿದ್ದು ಇದು: ಕೋಡ್ ಕೊಡುತ್ತಿದ್ದದ್ದು 20 ಮೌಲ್ಯ, ಹೊಸ ಕಡತ ಕೇಳಿದ್ದು 21ನೆಯದು. ಅರೇಯ ಗಡಿಯಾಚೆ ಒಂದು ಓದು, ಅದೂ ಕರ್ನಲ್ ಒಳಗೆ. ಪರಿಹಾರಗಳಲ್ಲಿ ಒಂದು, ಓಡುವಾಗ ಅರೇಯ ಗಡಿ ತಪಾಸಣೆ ಸೇರಿಸಿದ್ದು. ಎಲಿಯಟ್ ಕಂಪನಿಯ ಗ್ರಾಹಕರು ತೆಗೆಯಬೇಡಿ ಎಂದಿದ್ದು ಇದನ್ನೇ.

ಹೊರಗೆ ಓಡುವಾಗಲೂ ಹಿಡಿಯುವುದು ಹೇಗೆ? ಇಲ್ಲಿ ಎಲೆಕ್ಟ್ರಿಕ್ ಫೆನ್ಸ್ ಮರಳಿ ಬರುತ್ತದೆ. ಎಲ್ಲ ತುಂಡಿಗೂ ನಿಷೇಧದ ಪುಟ ಹಾಕುವುದು ದುಬಾರಿ ತಾನೆ, ಹಾಗಾದರೆ ಸಾವಿರಾರರಲ್ಲಿ ಒಂದಕ್ಕೆ ಹಾಕಿದರಾಯಿತು. ಕ್ರೋಮ್ ಮತ್ತು ಆಂಡ್ರಾಯ್ಡ್‌ನ ಜಿಡಬ್ಲ್ಯುಪಿ-ಏಸ್ಯಾನ್, 2021ರಲ್ಲಿ ಲಿನಕ್ಸ್ 5.12ಕ್ಕೆ ಸೇರಿದ ಕೆಫೆನ್ಸ್, ಎರಡೂ ಹೀಗೆ ಚೀಟಿ ಎತ್ತಿದಂತೆ ಆರಿಸುತ್ತವೆ. ಕೆಫೆನ್ಸ್ ಮಾಮೂಲಾಗಿ 100 ಮಿಲಿಸೆಕೆಂಡಿಗೆ ಒಂದು ತುಂಡನ್ನು ಮಾತ್ರ ಕಾವಲಿನ ಜಾಗಕ್ಕೆ ಕಳಿಸುತ್ತದೆ. ಒಂದು ಯಂತ್ರದಲ್ಲಿ ಬಗ್ ಸಿಕ್ಕುವ ಸಾಧ್ಯತೆ ನಗಣ್ಯ. ಕೋಟಿಗಟ್ಟಲೆ ಯಂತ್ರಗಳಲ್ಲಿ ಎಲ್ಲೋ ಒಂದು ಕಡೆ ಸಿಕ್ಕಿಯೇ ಸಿಗುತ್ತದೆ, ಯಾರಿಗೂ ನಿಧಾನವಾಯಿತೆಂದು ಅನಿಸುವುದಿಲ್ಲ.

ಇಷ್ಟೆಲ್ಲ ಕಸರತ್ತಿನ ಬದಲು ಸಿ ಭಾಷೆಯನ್ನೇ ಬಿಟ್ಟರಾಗದೇ ಎಂಬ ಪ್ರಶ್ನೆ ಈಗ ಜೋರಾಗಿದೆ. ತನ್ನ ಭದ್ರತಾ ದೋಷಗಳಲ್ಲಿ ಸುಮಾರು ಶೇ 70 ಮೆಮೊರಿಯವೇ ಎಂದು ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತ್ತು. 2015ರಲ್ಲಿ 1.0 ಆವೃತ್ತಿ ಕಂಡ ರಸ್ಟ್ ಭಾಷೆ ಕಾಲದ ತಪ್ಪನ್ನು ಕಂಪೈಲ್ ಮಾಡುವಾಗಲೇ ತಡೆಯುತ್ತದೆ, ಜಾಗದ ತಪ್ಪಿಗೆ ಗಡಿ ತಪಾಸಣೆ ಇಟ್ಟಿದೆ. ಹೊಸ ಕೋಡನ್ನು ಇಂಥ ಭಾಷೆಗಳಲ್ಲಿ ಬರೆಯತೊಡಗಿದ ಮೇಲೆ ಆಂಡ್ರಾಯ್ಡ್‌ನ ಭದ್ರತಾ ದೋಷಗಳಲ್ಲಿ ಮೆಮೊರಿಯವುಗಳ ಪಾಲು 2019ರ ಶೇ 76ರಿಂದ 2024ರಲ್ಲಿ ಶೇ 24ಕ್ಕೆ ಇಳಿಯಿತೆಂದು ಗೂಗಲ್ ಲೆಕ್ಕ ಕೊಟ್ಟಿದೆ. ಹತ್ಯಾರುಗಳು ಮೂವತ್ತು ವರ್ಷದಲ್ಲಿ ಮಾಡಲಾಗದ್ದನ್ನು ಭಾಷೆ ಐದು ವರ್ಷದಲ್ಲಿ ಮಾಡಿತು ಎಂದು ಒಪ್ಪಲೇಬೇಕು. ಆದರೆ ರಸ್ಟ್‌ನಲ್ಲೂ 'ಅನ್‌ಸೇಫ್' ಎಂದು ಬರೆದು ಈ ಕಾವಲುಗಳಾಚೆ ಹೋಗುವ ಅವಕಾಶವಿದೆ, ಹಾರ್ಡ್‌ವೇರಿನ ಜೊತೆ ಅಥವಾ ಹಳೆಯ ಸಿ ಕೋಡಿನ ಜೊತೆ ವ್ಯವಹರಿಸುವಾಗ ಬೇಕಾಗುತ್ತದೆ. 2025ರಲ್ಲಿ ಆಂಡ್ರಾಯ್ಡ್ ತಂಡ ಇಂಥದ್ದೊಂದು ಪ್ರಕರಣ ಬಹಿರಂಗಪಡಿಸಿತು. ಕ್ರ್ಯಾಬಿಎವಿಐಎಫ್ ಎಂಬ ರಸ್ಟ್ ಲೈಬ್ರರಿಯಲ್ಲಿ ಬಫರ್ ಉಕ್ಕುವ ಬಗ್ ಇತ್ತು, ಗ್ರಾಹಕರಿಗೆ ತಲುಪುವ ಮುನ್ನವೇ ಸಿಕ್ಕಿತು. ತಲುಪಿದ್ದರೂ ಅದನ್ನು ದುರುಪಯೋಗ ಮಾಡಲು ಆಗುತ್ತಿರಲಿಲ್ಲ. ಆಂಡ್ರಾಯ್ಡ್‌ನಲ್ಲಿ ಮೆಮೊರಿ ಹಂಚುವ ಸ್ಕೂಡೋ ಅಲೊಕೇಟರ್ ದೊಡ್ಡ ತುಂಡುಗಳ ಅಕ್ಕಪಕ್ಕ ನಿಷೇಧದ ಪುಟ ಇಡುತ್ತದೆ, ಉಕ್ಕಿದ್ದು ಅದಕ್ಕೆ ಬಡಿದು ಪ್ರೋಗ್ರಾಮ್ ಬೀಳುತ್ತಿತ್ತು. ಆದರೆ ಬಿದ್ದದ್ದು ನಿಷೇಧದ ಪುಟಕ್ಕೆ ಬಡಿದು ಎಂಬುದು ಕ್ರ್ಯಾಶ್ ವರದಿಯಲ್ಲಿ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ತಂಡ ಆ ವರದಿಯ ಬರವಣಿಗೆಯನ್ನೂ ತಿದ್ದಿತು.